ಸಾಗರತಳದ ಸೂಕ್ಷ್ಮ ಚಿಪ್ಪುಗಳೂ ಹಿಮಯುಗಗಳ ವಾಯುಗುಣವೂ

ಆಳಸಮುದ್ರದ ತಳದಿಂದ ತೆಗೆದ ಒಂದು ಚಿಟಿಕೆ ಕೆಸರನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು, ಒಣಗಿಸಿ, ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟರೆ, ಬರಿಗಣ್ಣಿಗೆ ಬಿಳಿಯ ಹುಡಿಯಂತೆ ತೋರುತ್ತಿದ್ದುದು ನೂರಾರು ಚಿಪ್ಪುಗಳ ರಾಶಿಯಾಗಿ ಕಾಣುವುದು. ಕೆಲವು ದ್ರಾಕ್ಷಿಯ ಗೊಂಚಲಿನಂತೆ ಒಂದಕ್ಕೊಂದು ಅಂಟಿದ ಗುಂಡು ಕೋಣೆಗಳಿಂದಾದುವು. ಕೆಲವು ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದುವು. ಇವುಗಳಲ್ಲಿ ಗಸಗಸೆಯ ಕಾಳಿಗಿಂತ ದೊಡ್ಡವು ಅಪರೂಪ. ಫೊರಾಮಿನಿಫೆರ ಎಂಬ ಏಕಕೋಶಜೀವಿಗಳು ಸಮುದ್ರದ ನೀರಿನಲ್ಲಿರುವ ಸುಣ್ಣವನ್ನು ಬಳಸಿ ಕಟ್ಟಿಕೊಂಡ ಮನೆಗಳಿವು. ಈ ಜೀವಿಗಳಲ್ಲಿ ಕೆಲವೇ ಹತ್ತು ಜಾತಿಗಳು ಮೇಲ್ನೀರಿನಲ್ಲಿ ತೇಲುತ್ತ ಬಾಳುವುವು. ಉಳಿದ ಸಾವಿರಾರು ಜಾತಿಗಳು ತಳದ ಕೆಸರಿನಲ್ಲಿಯೇ ಹುಟ್ಟಿ ಅಲ್ಲಿಯೇ ಅಳಿಯುವುವು. ತೇಲುವ ಜಾತಿಗಳ ಬಾಳು ಕೆಲವು ವಾರಗಳದು. ಸತ್ತ ಮೇಲೆ ಅವುಗಳ ಚಿಪ್ಪು ಸಾವಿರಾರು ಮೀಟರು ಕೆಳಗಿಳಿದು ತಳವನ್ನು ಸೇರುವುದು. ಹೀಗೆ ತೇಲುಜೀವಿಯೂ ತಳವಾಸಿಯೂ ಒಂದೇ ಕೆಸರಿನಲ್ಲಿ ಅಕ್ಕಪಕ್ಕದಲ್ಲಿ ಹೂತುಹೋಗುವುವು. ಈ ಸಂಗತಿ ಸಾಮಾನ್ಯವೆಂದು ತೋರಿದರೂ ಮುಂದೆ ಹೇಳಲಿರುವ ವಿವಾದವೆಲ್ಲ ಇದರ ಮೇಲೆಯೇ ನಿಂತಿದೆಯಾದುದರಿಂದ ವಾಚಕರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಸಾಗರತಳದ ಬಹುಭಾಗ ಈ ಚಿಪ್ಪುಗಳಿಂದ ಮುಚ್ಚಿಹೋಗಿದೆಯೆಂಬುದು ೧೮೭೨ರಿಂದ ೧೮೭೬ರವರೆಗೆ ಲೋಕವನ್ನು ಸುತ್ತಿದ ‘ಚಾಲೆಂಜರ್’ ನೌಕೆಯ ಯಾತ್ರೆಯಿಂದ ಸ್ಪಷ್ಟವಾಯಿತು. ಆ ಯಾತ್ರೆಯಲ್ಲಿ ದೊರೆತ ಫೊರಾಮಿನಿಫೆರಗಳನ್ನು ಕುರಿತು ಬ್ರೇಡಿಯವರು ೧೮೮೪ರಲ್ಲಿ ಪ್ರಕಟಿಸಿದ ಗ್ರಂಥದ ಚಿತ್ರಪಟಗಳನ್ನು ಇಂದಿಗೂ ವಿದ್ವಾಂಸರು ತೆರೆದು ನೋಡುವರು. ಆದರೆ ಆಗ ದೊರೆತುದು ಮೇಲುಪದರದ ಕೆಸರು ಮಾತ್ರ. ಆಳಸಮುದ್ರದಲ್ಲಿ ಒಂದು ಸಾವಿರ ವರ್ಷಗಳಿಗೆ ಒಂದರಿಂದ ಮೂರು ಸೆಂಟಿಮೀಟರಿನಷ್ಟು ಕೆಸರು ಕೂಡುವುದೆಂದು ಲೆಕ್ಕ. ಹಾಗಾದರೆ ಕೆಲವು ಮೀಟರು ಕೆಳಗಿನ ಕೆಸರು ಲಕ್ಷಾಂತರ ವರ್ಷಗಳ ಹಿಂದಿನದು. ಅಲ್ಲಿಯ ಚಿಪ್ಪುಗಳನ್ನು ಪದರ ಕದಡದಂತೆ ಮೇಲಕ್ಕೆತ್ತಬಲ್ಲವರಿಗೆ ಆ ಕಾಲದ ಸಮುದ್ರದ ಸುದ್ದಿ ತಿಳಿಯಬೇಕು.

ಈ ದಿಕ್ಕಿನಲ್ಲಿ ಮೊದಲ ಹೆಜ್ಜೆಯಿಟ್ಟವರು ಜರ್ಮನಿಯ ವೋಲ್ಫ್‌ಗಾಂಗ್ ಷಾಟ್. ೧೯೨೫ರಿಂದ ೧೯೨೭ರವರೆಗೆ ಅಟ್ಲಾಂಟಿಕ್ ಸಾಗರವನ್ನು ಶೋಧಿಸಿದ ‘ಮೀಟಿಯೊರ್’ ನೌಕೆ ತಂದಿದ್ದ ಗಿಡ್ಡ ಕೆಸರುಕಂಬಗಳನ್ನು ಅವರು ಪರೀಕ್ಷಿಸಿದರು. ಮೇಲಿನ ಪದರದಲ್ಲಿ ಗ್ಲೊಬೊರೊಟಾಲಿಯ ಮೆನಾರ್ಡಿಯೈ ಎಂಬ ಉಷ್ಣವಲಯದ ಜಾತಿ ಸಮೃದ್ಧವಾಗಿತ್ತು. ಅದರ ಕೆಳಗಿನ ಪದರದಲ್ಲಿ ಅದು ಇರಲೇ ಇಲ್ಲ. ಇನ್ನೂ ಕೆಳಗೆ ಮತ್ತೆ ಕಾಣಿಸಿಕೊಂಡಿತು. ನಡುವಿನ ಪದರ ಕಳೆದ ಹಿಮಯುಗದ್ದೆಂದು ೧೯೩೫ರಲ್ಲಿ ಷಾಟ್ ತೀರ್ಮಾನಿಸಿದರು. ಜಾತಿಗಳನ್ನು ಎಣಿಸಿ ವಾಯುಗುಣವನ್ನು ಊಹಿಸುವ ಈ ಮಾರ್ಗ ಪ್ರಾಗ್ಜೀವಶಾಸ್ತ್ರಜ್ಞನಿಗೆ ಸಹಜವಾದುದು. ಮಾವು ಬೆಳೆವ ನಾಡಿನಲ್ಲಿ ಹಿಮ ಬೀಳದೆಂದು ನಾವು ಹೇಳುವಂತೆಯೇ ಇದು. ಅಮೆರಿಕದ ಲಾಮಾಂಟ್ ವೀಕ್ಷಣಾಲಯದಲ್ಲಿ ಡೇವಿಡ್ ಎರಿಕ್ಸನ್ ಇದನ್ನು ನೂರಾರು ಕಂಬಗಳಿಗೆ ಅನ್ವಯಿಸಿದರು. ಚಿಪ್ಪಿನ ಸುರುಳಿ ಎಡಕ್ಕೆ ಸುತ್ತಿದೆಯೋ ಬಲಕ್ಕೆ ಸುತ್ತಿದೆಯೋ ಎಂಬುದಕ್ಕೂ ನೀರಿನ ತಣ್ಪಿಗೂ ಸಂಬಂಧವುಂಟೆಂದು ತೋರಿಸಿದವರಲ್ಲಿ ಅವರೂ ಒಬ್ಬರು. ಧ್ರುವಪ್ರದೇಶದ ನೀರಿನಲ್ಲಿ ಎಡಸುರುಳಿಯವೇ ಹೆಚ್ಚು. ಎಡಸುರುಳಿಯವೂ ಬಲಸುರುಳಿಯವೂ ಒಂದೇ ಜಾತಿಯ ಎರಡು ರೂಪಗಳಲ್ಲ, ಬೇರೆ ಬೇರೆ ಜಾತಿಗಳೇ ಎಂಬುದು ಈ ಶತಮಾನದ ತಳಿಶಾಸ್ತ್ರದಿಂದ ತಿಳಿದುಬಂದಿದೆ.

ಆದರೆ ಜಾತಿಗಳ ಎಣಿಕೆ ‘ಬೆಚ್ಚಗೆ’, ‘ತಣ್ಣಗೆ’ ಎಂದು ಹೇಳೀತೇ ಹೊರತು ಎಷ್ಟು ಡಿಗ್ರಿ ಎಂದು ಹೇಳದು. ಅದಕ್ಕೆ ಉತ್ತರ ಅನಿರೀಕ್ಷಿತವಾದ ಕಡೆಯಿಂದ ಬಂದಿತು. ಭಾರಜಲಜನಕವನ್ನು ಕಂಡುಹಿಡಿದು ೧೯೩೪ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದಿದ್ದ ರಸಾಯನಶಾಸ್ತ್ರಜ್ಞ ಹೆರಾಲ್ಡ್ ಯೂರಿ, ೧೯೪೭ರಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿದರು. ಪ್ರಕೃತಿಯಲ್ಲಿ ಆಮ್ಲಜನಕದ ಪರಮಾಣುಗಳೆಲ್ಲ ಒಂದೇ ತೂಕದವಲ್ಲ. ಬಹುತೇಕ ಎಲ್ಲವೂ ೧೬ರ ತೂಕದವು. ಸುಮಾರು ಐನೂರಕ್ಕೆ ಒಂದು ಮಾತ್ರ ೧೮ರ ತೂಕದ್ದು. ನೀರಿನಿಂದ ಸುಣ್ಣದ ಹರಳು ಕಟ್ಟುವಾಗ ಭಾರದ ಆಮ್ಲಜನಕ ನೀರಿನಲ್ಲಿರುವುದಕ್ಕಿಂತ ತುಸು ಹೆಚ್ಚಾಗಿ ಹರಳನ್ನು ಸೇರುವುದು; ನೀರು ತಣ್ಣಗಿದ್ದಷ್ಟೂ ಈ ಹೆಚ್ಚಳ ಅಧಿಕ. ಒಂದು ಡಿಗ್ರಿ ಸೆಂಟಿಗ್ರೇಡಿಗೆ ವ್ಯತ್ಯಾಸ ಹತ್ತು ಸಾವಿರಕ್ಕೆ ಎರಡು ಪಾಲಿನಷ್ಟು ಮಾತ್ರ. ಇಷ್ಟು ಅಲ್ಪವಾದುದನ್ನು ಅಳೆಯಲು ಷಿಕಾಗೊ ವಿಶ್ವವಿದ್ಯಾನಿಲಯದ ಯೂರಿಯವರ ಪ್ರಯೋಗಶಾಲೆಯಲ್ಲಿ ರಾಶಿ ರೋಹಿತಮಾಪಕವನ್ನು ವಿಶೇಷವಾಗಿ ಹದಗೊಳಿಸಬೇಕಾಯಿತು. ಚಿಪ್ಪನ್ನು ಪುಡಿಮಾಡಿ, ಫಾಸ್ಫಾರಿಕ್ ಆಮ್ಲದಲ್ಲಿ ಕರಗಿಸಿ, ಹೊರಟ ಇಂಗಾಲದ ಡೈ ಆಕ್ಸೈಡನ್ನು ಆ ಯಂತ್ರದಲ್ಲಿ ಹಾಯಿಸಿ ಭಾರದ ಮತ್ತು ಹಗುರದ ಆಮ್ಲಜನಕಗಳ ಪ್ರಮಾಣವನ್ನು ಅಳೆಯುವುದು ಕ್ರಮ. ಸ್ಯಾಮ್ಯುಯೆಲ್ ಎಪ್ಸ್ಟೀನರೂ ಅವರ ಜೊತೆಗಾರರೂ ತಿಳಿದ ಉಷ್ಣತೆಯಲ್ಲಿ ಬೆಳೆದ ಚಿಪ್ಪುಗಳಿಂದ ೧೯೫೩ರ ವೇಳೆಗೆ ನಂಬತಕ್ಕ ಉಷ್ಣತಾಮಾನವನ್ನು ಸಿದ್ಧಪಡಿಸಿದರು.

ಈ ಪ್ರಯೋಗಶಾಲೆಗೆ ಇಟಲಿಯಿಂದ ಬಂದು ಸೇರಿದವರು ಚೇಸರೆ ಎಮಿಲಿಯಾನಿ. ೧೯೨೨ರಲ್ಲಿ ಬೊಲೋನ್ಯದಲ್ಲಿ ಹುಟ್ಟಿ, ಅಲ್ಲಿಯೇ ಫೊರಾಮಿನಿಫೆರಗಳನ್ನು ಅಭ್ಯಾಸಮಾಡಿ ಪದವಿ ಪಡೆದವರು. ಚಿಪ್ಪುಗಳನ್ನು ಜಾತಿವಾರು ಗುರುತಿಸಬಲ್ಲ ಪ್ರಾಗ್ಜೀವಶಾಸ್ತ್ರಜ್ಞನ ಕಣ್ಣೂ ರಸಾಯನಶಾಸ್ತ್ರಜ್ಞನ ಯಂತ್ರವೂ ಒಬ್ಬನಲ್ಲಿಯೇ ಕೂಡಿದುದು ಇದೇ ಮೊದಲು. ಸ್ವೀಡನ್ನಿನ ‘ಆಲ್ಬಟ್ರಾಸ್’ ನೌಕೆ ೧೯೪೭–೪೮ರಲ್ಲಿ ಹ್ಯಾನ್ಸ್ ಪೆಟರ್ಸನ್ನರ ನಾಯಕತ್ವದಲ್ಲಿ ಯಾತ್ರೆಮಾಡಿ, ಪಿಸ್ಟನ್ನುಳ್ಳ ಹೊಸ ಬಗೆಯ ಕೊಳವೆಯಿಂದ ಉದ್ದವಾದ ಕೆಸರುಕಂಬಗಳನ್ನು ಕಿತ್ತು ತಂದಿತ್ತು. ಆ ಕಂಬಗಳನ್ನೂ ಲಾಮಾಂಟ್ ವೀಕ್ಷಣಾಲಯದ ಕಂಬಗಳನ್ನೂ ಎಮಿಲಿಯಾನಿ ಅಂಗುಲ ಅಂಗುಲವಾಗಿ ಪರೀಕ್ಷಿಸಿದರು. ಒಂದೊಂದು ಅಳತೆಗೂ ಒಂದೇ ಜಾತಿಯ, ಒಂದೇ ಗಾತ್ರದ ನೂರಾರು ಚಿಪ್ಪುಗಳು ಬೇಕಾಗಿದ್ದುವು. ಅವುಗಳನ್ನು ಒದ್ದೆಯಾದ ಕುಂಚದ ತುದಿಯಿಂದ ಒಂದೊಂದಾಗಿ ಆರಿಸಬೇಕು. ಈ ಕೆಲಸವನ್ನು ಮಾಡಿ ನೋಡಿದ ವಿದ್ಯಾರ್ಥಿಗಳಿಗೆ ಅದರ ಬೇಸರವನ್ನು ಬಣ್ಣಿಸಿ ಹೇಳಬೇಕಾದುದಿಲ್ಲ.

೧೯೫೫ರಲ್ಲಿ ಅವರು ಪ್ರಕಟಿಸಿದ ಪ್ಲೀಸ್ಟೊಸೀನ್ ಉಷ್ಣತೆಗಳ ಲೇಖನ ಈ ಶಾಸ್ತ್ರಕ್ಕೆ ತಳಹದಿಯಾಯಿತು. ಕೆಸರುಕಂಬದುದ್ದಕ್ಕೂ ಭಾರದ ಆಮ್ಲಜನಕದ ಪ್ರಮಾಣ ಗರಗಸದ ಹಲ್ಲುಗಳಂತೆ ಏರಿಳಿಯುತ್ತಿತ್ತು. ಮೇಲಿನಿಂದ ಎಣಿಸುತ್ತ ಅವರು ಒಂದೊಂದು ಏರಿಗೂ ಇಳಿತಕ್ಕೂ ಸಂಖ್ಯೆಯನ್ನಿತ್ತರು: ಬೆಸಸಂಖ್ಯೆಯವು ಬೆಚ್ಚನೆಯ ಹಂತಗಳು, ಸಮಸಂಖ್ಯೆಯವು ಹಿಮದ ಹಂತಗಳು; ನಾವಿರುವುದು ಒಂದನೆಯ ಹಂತ. ಈ ಎಣಿಕೆ ಇಂದಿಗೂ ಬಳಕೆಯಲ್ಲಿದೆ. ಆಲ್ಪ್ಸ್ ಪರ್ವತದ ಕಣಿವೆಗಳನ್ನು ನೋಡಿ ಪೆಂಕ್ ಮತ್ತು ಬ್ರೂಕ್ನರ್ ಎಂಬ ವಿದ್ವಾಂಸರು ಹಿಮಯುಗಗಳು ನಾಲ್ಕೇ ಎಂದು ೧೯೦೯ರ ವೇಳೆಗೆ ನಿರ್ಣಯಿಸಿದ್ದರು. ಅರ್ಧ ಶತಮಾನ ಎಲ್ಲ ಪಠ್ಯಪುಸ್ತಕಗಳೂ ಅದನ್ನೇ ಹೇಳುತ್ತಿದ್ದುವು. ಸಾಗರದ ಕೆಸರಿನಲ್ಲಿ ಅದಕ್ಕಿಂತ ಹೆಚ್ಚು ಹಿಮಯುಗಗಳಿದ್ದುವು. ನೆಲದ ಮೇಲೆ ಹಿಂದಿನ ಹಿಮನದಿಯ ಗುರುತನ್ನು ಮುಂದಿನ ಹಿಮನದಿ ಉಜ್ಜಿ ಅಳಿಸುವುದು. ಸಮುದ್ರದ ತಳದಲ್ಲಿ ಅಂತಹ ಅಳಿಸುವಿಕೆ ಕಡಮೆ. ಕೆಸರಿನ ಸಾಕ್ಷ್ಯವೇ ಮೇಲೆಂಬುದು ಇದರಿಂದ ಸ್ಪಷ್ಟವಾಗುವುದು. ಹಿಮಯುಗಗಳಲ್ಲಿ ಕ್ಯಾರಿಬಿಯನ್ ಸಮುದ್ರದ ಮೇಲ್ನೀರು ಈಗಿನದಕ್ಕಿಂತ ಸುಮಾರು ೬ ಡಿಗ್ರಿ ತಣ್ಣಗಿತ್ತೆಂದೂ ಎಮಿಲಿಯಾನಿ ಲೆಕ್ಕಹಾಕಿದರು.

ಈ ೬ ಡಿಗ್ರಿಯೇ ತೊಡಕಿನ ಮೂಲ. ಚಿಪ್ಪಿನಲ್ಲಿರುವ ಭಾರದ ಆಮ್ಲಜನಕದ ಪ್ರಮಾಣ ನೀರಿನ ಉಷ್ಣತೆಯನ್ನು ಮಾತ್ರವಲ್ಲ, ಆ ನೀರಿನಲ್ಲಿಯೇ ಭಾರದ ಆಮ್ಲಜನಕ ಎಷ್ಟಿತ್ತೆಂಬುದನ್ನೂ ಅವಲಂಬಿಸುವುದು. ಸಮುದ್ರದಿಂದ ಆವಿಯೇಳುವಾಗ ಹಗುರದ ನೀರು ಸುಲಭವಾಗಿ ಮೇಲೇರುವುದು. ಆ ಆವಿ ಧ್ರುವಗಳ ಕಡೆಗೆ ಸಾಗುತ್ತ ದಾರಿಯಲ್ಲಿ ಮಳೆಗರೆದಾಗ, ಇದ್ದ ಭಾರದ ನೀರೂ ಮೊದಲು ಕೆಳಗಿಳಿದುಹೋಗುವುದು. ಆದುದರಿಂದ ಕೊನೆಗೆ ಧ್ರುವದೇಶದಲ್ಲಿ ಬೀಳುವ ಹಿಮ ಬಹು ಹಗುರವಾದುದು. ಬೇಸಗೆಯಲ್ಲಿ ಅದು ಕರಗಿ ಸಮುದ್ರಕ್ಕೆ ಹಿಂದಿರುಗಿದರೆ ಲೆಕ್ಕ ಸರಿಹೋಯಿತು. ಕರಗದೆ ಸಾವಿರಾರು ವರ್ಷ ಒಂದರಮೇಲೊಂದು ಪೇರಿಕೊಂಡು ಎರಡು ಮೂರು ಸಾವಿರ ಮೀಟರಿನ ಹಿಮಗಡ್ಡೆಯಾದರೆ? ಹಗುರದ ನೀರು ನೆಲದ ಮೇಲೆ ಸೆರೆಯಾಯಿತು. ಉಳಿದ ಸಾಗರವೆಲ್ಲ ಭಾರವಾಯಿತು. ಆ ಸಾಗರದಲ್ಲಿ ಬೆಳೆದ ಚಿಪ್ಪು, ನೀರು ಒಂದಿಷ್ಟೂ ತಣಿಯದಿದ್ದರೂ, ಭಾರವಾಗಿಯೇ ಇರುವುದು. ಹೀಗೆ ತಣ್ಪು ಮತ್ತು ಹಿಮದ ಸಂಗ್ರಹ ಎರಡೂ ಮುಳ್ಳನ್ನು ಒಂದೇ ಕಡೆಗೆ ತಿರುಗಿಸುವುವು. ಒಂದೇ ತಕ್ಕಡಿಯಲ್ಲಿ ಎರಡು ಸರಕುಗಳನ್ನು ಸೇರಿಸಿ ತೂಗಿದಂತಾಯಿತು.

ಎಮಿಲಿಯಾನಿಯವರಿಗೆ ಇದು ತಿಳಿಯದಿರಲಿಲ್ಲ. ಹಿಮದ ಪಾಲೆಂದು ಅವರು ಸಾವಿರಕ್ಕೆ ೦.೪ರಷ್ಟನ್ನು ಕಳೆದು, ಉಳಿದುದನ್ನೆಲ್ಲ ಉಷ್ಣತೆಗೆ ಸೇರಿಸಿದ್ದರು. ಆ ೦.೪ ಸಾಕೆ ಎಂಬುದೇ ಪ್ರಶ್ನೆ. ಹಳೆಯ ಹಿಮಗಡ್ಡೆಗಳು ಕರಗಿಹೋಗಿರುವಾಗ ಅವು ಎಷ್ಟು ಹಗುರವಾಗಿದ್ದುವೆಂದು ಹೇಳುವವರು ಯಾರು?

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ನಿಕೋಲಸ್ ಶ್ಯಾಕಲ್ಟನ್ ಇದನ್ನು ಬಗೆಹರಿಸಿದ ರೀತಿ ವಿದ್ಯಾರ್ಥಿಗಳು ಗಮನಿಸತಕ್ಕದ್ದು. (ಇವರು ಕ್ಲಾರಿನೆಟ್ ವಾದ್ಯಗಳ ದೊಡ್ಡ ಸಂಗ್ರಹಕಾರರೂ ಆಗಿದ್ದರು; ಸೂಕ್ಷ್ಮ ಯಂತ್ರಗಳಲ್ಲಿ ಅವರಿಗಿದ್ದ ಒಲವಿಗೆ ಇದೂ ಒಂದು ಗುರುತು.) ಮೇಲ್ನೀರಿನ ತೇಲುಜೀವಿಗಳಿಗೆ ಬದಲು ತಳವಾಸಿಗಳನ್ನು ಅಳೆದರೇನಾದೀತು ಎಂಬುದು ಅವರ ಯೋಚನೆ. ತಳವಾಸಿಗಳ ಚಿಪ್ಪು ಕೆಸರಿನಲ್ಲಿ ಬಹಳ ವಿರಳ. ಆಗಿನ ಯಂತ್ರಗಳಿಗೆ ಸಾಲುವಷ್ಟು ದೊರೆಯುತ್ತಿರಲಿಲ್ಲ. ಆದುದರಿಂದ ಅವರು ಮೊದಲು ಯಂತ್ರವನ್ನೇ ತಿದ್ದಿ, ಕೆಲವೇ ಚಿಪ್ಪುಗಳಿಂದ ಅಳತೆ ದೊರೆಯುವಂತೆ ಮಾಡಿಕೊಂಡರು. ಆಳಸಾಗರದ ತಳದ ನೀರು ಈಗಲೇ ೧–೨ ಡಿಗ್ರಿಯಷ್ಟು ತಣ್ಣಗಿದೆ. ಸಮುದ್ರದ ನೀರು ಸೊನ್ನೆಗಿಂತ ಸುಮಾರು ೧.೯ ಡಿಗ್ರಿ ಕೆಳಗೆ ಹೆಪ್ಪುಗಟ್ಟುವುದು. ಎಂದಮೇಲೆ ಎಂತಹ ಹಿಮಯುಗ ಬಂದರೂ ತಳದ ನೀರು ಮೂರು ನಾಲ್ಕು ಡಿಗ್ರಿಗಿಂತ ಹೆಚ್ಚು ತಣಿಯಲು ಎಡೆಯೇ ಇಲ್ಲ. ಎಮಿಲಿಯಾನಿಯವರ ಮತ ನಿಜವಾದರೆ ತೇಲುಜೀವಿಗಳ ಏರಿಳಿತ ದೊಡ್ಡದಾಗಿಯೂ ತಳವಾಸಿಗಳ ಏರಿಳಿತ ಚಿಕ್ಕದಾಗಿಯೂ ಇರಬೇಕು. ಅಳೆದು ನೋಡಿದಾಗ ಎರಡೂ ಹೆಚ್ಚುಕಡಮೆ ಒಂದೇ ಸಮನಾಗಿದ್ದುವು. ಮೇಲ್ನೀರಿಗೂ ತಳದ ನೀರಿಗೂ ಸಮಾನವಾದುದು ಸಾಗರದ ನೀರಿನ ಭಾರವೊಂದೇ. ಆದುದರಿಂದ ಈ ಏರಿಳಿತದ ಬಹುಪಾಲು ಉಷ್ಣತೆಯದಲ್ಲ, ನೆಲದ ಮೇಲಿದ್ದ ಹಿಮರಾಶಿಯದು ಎಂದು ಅವರು ೧೯೬೭ರಲ್ಲಿ ಸಾರಿದರು. ೧೯೬೯ರಲ್ಲಿ ಡ್ಯಾನ್ಸ್‌ಗಾರ್ಡ್ ಮತ್ತು ಟಾಬರ್ ಎಂಬುವರು ಗ್ರೀನ್‌ಲೆಂಡಿನ ಪ್ರಾಚೀನ ಹಿಮವನ್ನು ಅಳೆದು, ಅದು ಎಮಿಲಿಯಾನಿ ಎಣಿಸಿದ್ದಕ್ಕಿಂತ ಬಹು ಹಗುರವಾದುದೆಂದು ತೋರಿಸಿದರು.

ಅಲ್ಲಿಗೆ ಉಷ್ಣತಾಮಾಪಕವೆಂದು ತಿಳಿದಿದ್ದುದು ಹಿಮಮಾಪಕವಾಯಿತು. ಎಮಿಲಿಯಾನಿಯವರ ವಕ್ರರೇಖೆಯಲ್ಲಿ ಒಂದು ಬಿಂದುವೂ ಕದಲಲಿಲ್ಲ. ಬದಲಾದುದು ಅದರ ಅರ್ಥ. ಇದರಿಂದ ಶಾಸ್ತ್ರಕ್ಕೆ ನಷ್ಟವಾಯಿತೆಂದು ತಿಳಿಯಬಾರದು. ಉಷ್ಣತೆ ಒಂದೊಂದು ಕಡಲಿನಲ್ಲಿ ಒಂದೊಂದು ಬಗೆ. ಹಿಮರಾಶಿಯಿಂದಾಗುವ ಬದಲಾವಣೆಯಾದರೋ ನೀರು ಬೆರೆಯಲು ಬೇಕಾದ ಸಾವಿರ ವರ್ಷಗಳಷ್ಟು ಕಾಲದಲ್ಲಿ ಎಲ್ಲ ಸಾಗರಗಳಿಗೂ ಒಂದೇ ಆಗಿ ಹರಡುವುದು. ಹಾಗಾಗಿ ಅಟ್ಲಾಂಟಿಕ್ಕಿನ ಕೆಸರಿನ ಹಂತವೊಂದನ್ನು ಪೆಸಿಫಿಕ್ಕಿನ ಕೆಸರಿನ ಅದೇ ಹಂತದೊಡನೆ ಹೊಂದಿಸಿ ನೋಡಬಹುದು. ೧೯೭೩ರಲ್ಲಿ ಶ್ಯಾಕಲ್ಟನ್ ಮತ್ತು ಆಪ್‌ಡೈಕ್ ಪಶ್ಚಿಮ ಪೆಸಿಫಿಕ್ಕಿನ ವಿ ೨೮–೨೩೮ ಎಂಬ ಕಂಬದಲ್ಲಿ ಈ ಹಂತಗಳನ್ನು ಇಪ್ಪತ್ತೆರಡರವರೆಗೆ ಎಣಿಸಿದರಲ್ಲದೆ, ಭೂಮಿಯ ಕಾಂತಧ್ರುವಗಳು ಕೊನೆಯ ಬಾರಿ ಅದಲುಬದಲಾದ ಗುರುತನ್ನು ಅದೇ ಕಂಬದಲ್ಲಿ ಹತ್ತೊಂಬತ್ತನೆಯ ಹಂತದಲ್ಲಿ ಗುರುತಿಸಿದರು. ಆ ಕಾಲವನ್ನು ಜ್ವಾಲಾಮುಖಿ ಶಿಲೆಗಳಿಂದ ಸುಮಾರು ೭ ಲಕ್ಷ ವರ್ಷಗಳೆಂದು ನಿರ್ಣಯಿಸಲಾಗಿದ್ದಿತು. ಕೆಸರುಕಂಬಕ್ಕೆ ಕಾಲದ ಅಳತೆಗೋಲು ದೊರೆತಂತಾಯಿತು.

ಅಳತೆಗೋಲು ದೊರೆತ ಮೇಲೆ, ಹಿಮಯುಗಗಳು ಏಕೆ ಮರಳಿ ಮರಳಿ ಬರುವುವೆಂಬ ಹಳೆಯ ಪ್ರಶ್ನೆಯನ್ನು ಹೊಸದಾಗಿ ಕೇಳಬಹುದಾಯಿತು. ಸರ್ಬಿಯದ ಮಿಲುಟಿನ್ ಮಿಲಾಂಕೋವಿಚ್ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ, ಭೂಮಿಯ ಕಕ್ಷೆಯ ಆಕಾರ, ಅಕ್ಷದ ಓರೆ ಮತ್ತು ಅಯನಚಲನೆ ಇವು ಮೂರೂ ನಿಧಾನವಾಗಿ ಬದಲಾಗುವುದರಿಂದ ಉತ್ತರ ದೇಶಗಳಿಗೆ ಬೇಸಗೆಯಲ್ಲಿ ದೊರೆಯುವ ಬಿಸಿಲು ಹೆಚ್ಚುಕಡಮೆಯಾಗುವುದೆಂದೂ ಹಿಮಯುಗಗಳಿಗೆ ಇದೇ ಕಾರಣವೆಂದೂ ಲೆಕ್ಕಮಾಡಿದ್ದರು. ಲೆಕ್ಕ ಸೊಗಸಾಗಿತ್ತು, ಸಾಕ್ಷ್ಯವಿರಲಿಲ್ಲ. ಅವರು ೧೯೫೮ರಲ್ಲಿ ತೀರಿಕೊಂಡಾಗ ಭೂವಿಜ್ಞಾನಿಗಳಲ್ಲಿ ಬಹುಮಂದಿ ಅವರ ಮತವನ್ನು ಒಪ್ಪಿರಲಿಲ್ಲ.

ಸಾಕ್ಷ್ಯ ದೊರೆತುದು ನಮ್ಮ ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ. ಭೂಖಂಡಗಳಿಂದ ದೂರವಾಗಿ, ಸಾವಿರ ವರ್ಷಕ್ಕೆ ಮೂರು ಸೆಂಟಿಮೀಟರಿಗಿಂತ ಹೆಚ್ಚು ವೇಗದಿಂದ ಕೆಸರು ಕೂಡಿದ ಎರಡು ಕಂಬಗಳನ್ನು ಜೇಮ್ಸ್ ಹೇಸ್, ಜಾನ್ ಇಂಬ್ರಿ ಮತ್ತು ಶ್ಯಾಕಲ್ಟನ್ ಆರಿಸಿಕೊಂಡರು. ಹೇಸ್ ರೇಡಿಯೊಲೇರಿಯ ಎಂಬ ಮರಳುಗಾಜಿನ ಚಿಪ್ಪಿನ ಸೂಕ್ಷ್ಮಜೀವಿಗಳನ್ನು ಬಲ್ಲವರು. ಇಂಬ್ರಿ ಜಾತಿಗಳ ಎಣಿಕೆಯಿಂದ ಉಷ್ಣತೆಯನ್ನು ಡಿಗ್ರಿಗಳಲ್ಲಿ ಹೇಳುವ ಗಣಿತವಿಧಾನವನ್ನು ನಿಲ್ವ ಕಿಪ್ಪರೊಡನೆ ೧೯೭೧ರಲ್ಲಿ ರಚಿಸಿದವರು. ಒಂದೇ ಕಂಬದಿಂದ ಹಿಮರಾಶಿಯ ಅಳತೆಯನ್ನೂ ರೇಡಿಯೊಲೇರಿಯಗಳಿಂದ ಮೇಲ್ನೀರಿನ ಉಷ್ಣತೆಯನ್ನೂ ಬೇರೆಬೇರೆಯಾಗಿ ತೆಗೆದು, ೪ ಲಕ್ಷ ೫೦ ಸಾವಿರ ವರ್ಷಗಳ ಏರಿಳಿತದಲ್ಲಿ ಅಡಗಿದ್ದ ಆವರ್ತನಗಳನ್ನು ಗಣಿತದಿಂದ ಬಿಡಿಸಿದಾಗ, ಸುಮಾರು ೧ ಲಕ್ಷ, ೪೨ ಸಾವಿರ ಮತ್ತು ೨೩ ಸಾವಿರ ವರ್ಷಗಳ ಆವರ್ತನಗಳು ಹೊರಬಿದ್ದುವು. ಖಗೋಳಶಾಸ್ತ್ರವು ಅಕ್ಷದ ಓರೆಗೆ ಹೇಳುವುದು ೪೧ ಸಾವಿರ. ಅಯನಚಲನೆಗೆ ಹೇಳುವುದು ೨೩ ಮತ್ತು ೧೯ ಸಾವಿರ. ೧೯೭೬ರ ಡಿಸೆಂಬರಿನಲ್ಲಿ ಪ್ರಕಟವಾದ ಈ ಲೇಖನದಿಂದ ಮಿಲಾಂಕೋವಿಚ್ಚರ ಮತ ನೆಲೆಗೊಂಡಿತು. ಒಂದು ಲಕ್ಷ ವರ್ಷಗಳ ಆವರ್ತನ ಮಾತ್ರ ಇನ್ನೂ ಒಗಟಾಗಿಯೇ ಉಳಿದಿದೆ: ಕಕ್ಷೆಯ ಆಕಾರದಿಂದ ಬಿಸಿಲಿನಲ್ಲಾಗುವ ವ್ಯತ್ಯಾಸ ಬಹು ಅಲ್ಪ, ಹಿಮದಲ್ಲಾಗುವ ವ್ಯತ್ಯಾಸವೇ ಎಲ್ಲಕ್ಕಿಂತ ದೊಡ್ಡದು. ಇದನ್ನು ವಿವರಿಸಲು ಹಲವರು ಹಲವು ಮಾರ್ಗಗಳನ್ನು ಸೂಚಿಸಿರುವರು. ಸರ್ವಸಮ್ಮತವಾದುದು ಒಂದೂ ಇಲ್ಲ.

ಇನ್ನೊಂದು ಸ್ವಾರಸ್ಯವಾದ ಸಂಗತಿಯುಂಟು. ೧೯೮೦ರ ಸುಮಾರಿಗೆ ಕಾಂತಧ್ರುವಗಳು ಅದಲುಬದಲಾದ ಕಾಲವನ್ನು ೭ ಲಕ್ಷ ೩೦ ಸಾವಿರ ವರ್ಷಗಳೆಂದು ಎಲ್ಲರೂ ಒಪ್ಪಿದ್ದರು. ೧೯೯೦ರಲ್ಲಿ ಶ್ಯಾಕಲ್ಟನ್ ಮತ್ತು ಜೊತೆಗಾರರು ಚಿಪ್ಪುಗಳ ಏರಿಳಿತವನ್ನು ಖಗೋಳಗಣಿತದೊಡನೆ ಹೊಂದಿಸಿ, ಅದು ೭ ಲಕ್ಷ ೮೦ ಸಾವಿರವಾಗಬೇಕೆಂದರು. ಶಿಲೆಗಳ ಭೌತಿಕ ಗಡಿಯಾರವನ್ನು ಕೆಸರಿನ ಚಿಪ್ಪುಗಳಿಂದ ತಿದ್ದಹೊರಟುದು ಅನೇಕರಿಗೆ ಸಾಹಸವೆನಿಸಿರಬೇಕು. ಕೆಲವೇ ವರ್ಷಗಳಲ್ಲಿ ಆರ್ಗಾನ್ ಅನಿಲದ ಹೊಸ ವಿಧಾನದಿಂದ ಶಿಲೆಗಳನ್ನು ಮತ್ತೆ ಅಳೆದಾಗ ಚಿಪ್ಪುಗಳ ಲೆಕ್ಕವೇ ಸರಿಗೆ ಹತ್ತಿರವೆಂದು ಗೊತ್ತಾಯಿತು.

ತಕ್ಕಡಿಯಲ್ಲಿ ಸೇರಿಹೋಗಿದ್ದ ಎರಡು ಸರಕುಗಳನ್ನು ಈಗ ಬೇರ್ಪಡಿಸಲೂ ಬರುವುದು. ಬೆಚ್ಚನೆಯ ನೀರಿನಲ್ಲಿ ಬೆಳೆದ ಚಿಪ್ಪಿನಲ್ಲಿ ಮೆಗ್ನೀಸಿಯಂ ಹೆಚ್ಚಾಗಿರುವುದು. ಹಿಮರಾಶಿಗೂ ಇದಕ್ಕೂ ಸಂಬಂಧವಿಲ್ಲ. ಮೆಗ್ನೀಸಿಯಂನಿಂದ ಉಷ್ಣತೆಯನ್ನು ತಿಳಿದು, ಅದರ ಪಾಲನ್ನು ಆಮ್ಲಜನಕದ ಅಳತೆಯಿಂದ ಕಳೆದರೆ ಉಳಿದುದು ನೀರಿನ ಭಾರ. ೨೦೦೦ದಲ್ಲಿ ಲೀ ಮತ್ತು ಜೊತೆಗಾರರು ಹೀಗೆ ಅಳೆದು, ಕಳೆದ ಹಿಮಯುಗಗಳಲ್ಲಿ ವಿಷುವದ್ವೃತ್ತದ ಪೆಸಿಫಿಕ್ ನೀರು ಸುಮಾರು ೨.೮ ಡಿಗ್ರಿ ತಣಿದಿತ್ತೆಂದು ಕಂಡರು. ಹಳೆಯ ಕೆಸರಿನ ಕಣಗಳ ನಡುವೆ ಸಿಕ್ಕಿಕೊಂಡಿರುವ ನೀರನ್ನು ನೇರವಾಗಿ ಅಳೆದವರು ಹಿಮದ ಪಾಲು ಸಾವಿರಕ್ಕೆ ಸುಮಾರು ೧ ಎಂದು ತಿಳಿಸಿರುವರು. ಎಂದರೆ ಎಮಿಲಿಯಾನಿಯವರ ೦.೪ ಬಹಳ ಕಡಮೆ. ಅವರ ೬ ಡಿಗ್ರಿ ಹೆಚ್ಚಾದರೂ, ಉಷ್ಣವಲಯದ ಸಮುದ್ರ ಹಿಮಯುಗದಲ್ಲಿ ತಣಿಯಲೇ ಇಲ್ಲವೆಂಬಂತೆ ಒಂದು ಕಾಲದಲ್ಲಿ ಅವರ ಎದುರಾಳಿಗಳು ಹೇಳುತ್ತಿದ್ದುದೂ ನಿಲ್ಲಲಿಲ್ಲ.

ಈ ಅಳತೆಗಳೆಲ್ಲ ನಿರ್ದೋಷವೆಂದು ವಿದ್ಯಾರ್ಥಿಗಳು ಭಾವಿಸಬಾರದು. ಕೆಸರಿನಲ್ಲಿ ಬಿಲ ತೋಡುವ ಹುಳುಗಳು ಕೆಲವು ಸೆಂಟಿಮೀಟರುಗಳ ಪದರಗಳನ್ನು ಕಲಸಿಬಿಡುವುವು. ನಿಧಾನವಾಗಿ ಕೂಡಿದ ಕೆಸರಿನಲ್ಲಿ ಇದರಿಂದ ಕೆಲವು ಸಾವಿರ ವರ್ಷಗಳ ಸುದ್ದಿ ಮಸಕಾಗುವುದು. ನಾಲ್ಕೈದು ಸಾವಿರ ಮೀಟರಿಗಿಂತ ಆಳದಲ್ಲಿ ಸುಣ್ಣದ ಚಿಪ್ಪು ಕರಗಿಯೇ ಹೋಗುವುದು. ಒಂದೇ ನೀರಿನಲ್ಲಿ ಬೆಳೆದ ಎರಡು ಜಾತಿಗಳು ಒಂದೇ ಅಳತೆಯನ್ನು ಕೊಡಬೇಕೆಂಬ ನಿಯಮವೂ ಇಲ್ಲ: ಸಿಬಿಸಿಡಾಯ್ಡಿಸ್ ಎಂಬ ತಳವಾಸಿಯ ಚಿಪ್ಪು ಯುವಿಜೆರಿನಕ್ಕಿಂತ ಸಾವಿರಕ್ಕೆ ೦.೬೪ರಷ್ಟು ಹಗುರ. ಇದು ಇಡೀ ಹಿಮಯುಗದ ಹಿಮದ ಪಾಲಿನ ಅರ್ಧಕ್ಕೂ ಹೆಚ್ಚು. ಜಾತಿಯನ್ನು ತಪ್ಪಾಗಿ ಗುರುತಿಸಿದವನು ಯಂತ್ರ ಎಷ್ಟೇ ಉತ್ತಮವಾದುದಾದರೂ ಇಲ್ಲದ ಹಿಮಗಡ್ಡೆಯನ್ನು ಸೃಷ್ಟಿಸಿಬಿಡುವನು. ರಸಾಯನಶಾಸ್ತ್ರ ಬಂದುದರಿಂದ ಹಳೆಯ ಪ್ರಾಗ್ಜೀವಶಾಸ್ತ್ರದ ಅಭ್ಯಾಸ ಬೇಡವಾಯಿತೆಂದು ಹೇಳುವವರು ಇದನ್ನು ಯೋಚಿಸಬೇಕು.

ನಮ್ಮ ಕಡಲುಗಳಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಬಂಗಾಳ ಕೊಲ್ಲಿಗೆ ಗಂಗೆ ಬ್ರಹ್ಮಪುತ್ರಗಳು ಮಳೆಗಾಲದಲ್ಲಿ ಸುರಿಯುವ ಸಿಹಿನೀರು ಮೇಲ್ನೀರನ್ನು ಹಗುರಗೊಳಿಸುವುದರಿಂದ ಅಲ್ಲಿಯ ಚಿಪ್ಪಿನಲ್ಲಿ ಹಿಮ ಮತ್ತು ಉಷ್ಣತೆಗಳ ಜೊತೆಗೆ ಮುಂಗಾರಿನ ಲೆಕ್ಕವೂ ಬೆರೆತಿರುವುದು. ಅರಬ್ಬೀ ಸಮುದ್ರದ ಪಶ್ಚಿಮ ಭಾಗದಲ್ಲಿ ಮುಂಗಾರಿನ ಸಾಕ್ಷಿ ಮತ್ತೆ ಜಾತಿಗಳ ಎಣಿಕೆಯೇ. ಬೇಸಗೆಯ ನೈಋತ್ಯ ಮಾರುತ ಸೊಮಾಲಿಯ ಮತ್ತು ಒಮಾನ್ ತೀರಗಳ ಮೇಲ್ನೀರನ್ನು ದೂರ ತಳ್ಳಿದಾಗ ಆಳದ ತಣ್ಣೀರು ಮೇಲೇಳುವುದು. ಆಗ ತಂಪು ಕಡಲುಗಳ ಗ್ಲೊಬಿಜೆರಿನ ಬುಲ್ಲಾಯ್ಡಿಸ್ ಎಂಬ ಜಾತಿ ಉಷ್ಣವಲಯದ ನಡುವೆ ವಿಪುಲವಾಗಿ ಬೆಳೆಯುವುದು. ಕೆಸರಿನ ಪದರಗಳಲ್ಲಿ ಈ ಜಾತಿಯ ಪಾಲನ್ನು ಎಣಿಸಿದ ವಾರೆನ್ ಪ್ರೆಲ್ ಮೊದಲಾದವರು, ಕಳೆದ ಹಿಮಯುಗದಲ್ಲಿ ಬೇಸಗೆಯ ಮಾರುತ ಬಲಹೀನವಾಗಿದ್ದಿತೆಂದೂ, ಅಯನಚಲನೆಯಿಂದ ಉತ್ತರಾರ್ಧಗೋಳಕ್ಕೆ ಬೇಸಗೆಯ ಬಿಸಿಲು ಹೆಚ್ಚಾಗಿದ್ದ ಸುಮಾರು ೯–೧೦ ಸಾವಿರ ವರ್ಷಗಳ ಹಿಂದೆ ಅದು ಈಗಿನದಕ್ಕಿಂತ ಪ್ರಬಲವಾಗಿದ್ದಿತೆಂದೂ ತೋರಿಸಿರುವರು.

ತೀರಕ್ಕೆ ಇನ್ನೂ ಹತ್ತಿರ ಬಂದರೆ, ಕಾರವಾರದ ಮುಂದಿನ ಕಡಲಿನಲ್ಲಿ ಕೆಸರು ಬಹು ಬೇಗ ಕೂಡುವುದರಿಂದ ಕೆಲವು ಶತಮಾನಗಳ ಮಳೆಯ ಏರಿಳಿತವನ್ನು ಕೂಡ ಅರಸಬಹುದು. ೧೯೬೬ರಲ್ಲಿ ಸ್ಥಾಪಿತವಾದ, ಗೋವೆಯಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಸಂಶೋಧಕರು ಅಲ್ಲಿಯ ತಳವಾಸಿ ಫೊರಾಮಿನಿಫೆರಗಳನ್ನು ಇದೇ ಉದ್ದೇಶದಿಂದ ಪರೀಕ್ಷಿಸಿರುವರು. ಘಟ್ಟದಲ್ಲಿ ಮಳೆ ಹೆಚ್ಚಿದ ವರ್ಷ ನದಿಯ ಸಿಹಿನೀರು ತೀರದ ಕಡಲಿನ ಉಪ್ಪನ್ನು ತಗ್ಗಿಸುವುದು. ಆಗ ಕೆಲವು ಆಕಾರದ ಚಿಪ್ಪುಗಳು ಹೆಚ್ಚಿ ಕೆಲವು ಕುಗ್ಗುವುವು; ಒಂದೇ ಜಾತಿಯಲ್ಲಿಯೂ ಚಿಪ್ಪಿನ ನಡುವಿನ ಮೊದಲ ಕೋಣೆಯ ಗಾತ್ರ ಬದಲಾಗುವುದು. ಈ ಗಾತ್ರವನ್ನು ಅಳೆಯಲು ಬೇಕಾದುದು ಸೂಕ್ಷ್ಮದರ್ಶಕ, ಕುಂಚ ಮತ್ತು ತಾಳ್ಮೆ. ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಮೊದಲಿನ ಎರಡು ಈಗಾಗಲೇ ಇವೆ.